ನನ್ನ ಹೆಂಡತಿಯ ಡಾಕ್ಟರು

ಹೊಟ್ಟೆಕಿಚ್ಚು ಪಡುವಂಥದ್ದು ಆ ಡಾಕ್ಟರಲ್ಲಿ ಏನೂ ಇರಲಿಲ್ಲ. ನನಗಿಂತ ಗಿಡ್ಡ, ವಯಸ್ಸಿನಲ್ಲಿ ನನಗಿಂತ ಐದಾರು ವರ್ಷ ದೊಡ್ಡವರು, ಕೂದಲಂತೂ ನನಗೇ ಹೆಚ್ಚು. ಬೇಸಿಗೆಯಲ್ಲೂ ತೋಳಿಲ್ಲದ ಬೂದು ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದರು. ಹರಿಹರದ ಹಳೇ ಪೇಟೆಯಲ್ಲಿ ಅವರದು ಎರಡು ಕೋಣೆಯ ದವಾಖಾನೆ. ಹೊರಗಿನ ಕೋಣೆಯಲ್ಲಿ ಎರಡು ಬೆಂಚು, ಒಬ್ಬ ಕಂಪೌಂಡರ್. ಒಳಗಿನದಕ್ಕೆ ಬಾಗಿಲ ಬದಲು ಹಸಿರು ಪರದೆ. ಇಷ್ಟೇ ಆಸ್ತಿಯ ಆ ಡಾಕ್ಟರನ್ನು ನೆನೆದಾಗಲೆಲ್ಲ ಮೂರು ವರ್ಷ ನಾನು ಹೊಟ್ಟೆ ಉರಿದುಕೊಂಡಿದ್ದೇನೆ. ಈಗಲೂ ಆ ಉರಿ ಪೂರ್ತಿ ಆರಿದೆ ಎಂದು ಹೇಳಲಾರೆ.

ಕಾರಣ ಇಷ್ಟೇ: ನನ್ನ ಹೆಂಡತಿ ಅವರ ಹತ್ತಿರ ಮಾತಾಡುತ್ತಿದ್ದಳು.

ನಮ್ಮ ಮದುವೆಯಾಗಿ ಮೂವತ್ತೈದು ವರ್ಷದ ಮೇಲಾಯಿತು. ನಿವೃತ್ತನಾಗುವ ತನಕ ನಾನು ಮಲೆಬೆನ್ನೂರಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಬೆಳಿಗ್ಗೆ ಹರಿಹರದಿಂದ ಬಸ್ಸು, ಸಂಜೆ ವಾಪಸ್ಸು. ಮನೆಗೆ ಬಂದು "ಏನು ಸಮಾಚಾರ" ಎಂದರೆ ಅವಳು "ಏನೈತೆ, ಏನಿಲ್ಲ" ಅನ್ನುತ್ತಿದ್ದಳು. ನಾನು ಅದನ್ನು ನಂಬಿದ್ದೆ. ಮಾತು ಕಡಿಮೆ ಇರುವ ಹೆಂಗಸು, ನನ್ನ ಪುಣ್ಯ ಎಂದು ಕಚೇರಿಯಲ್ಲಿ ಹೇಳಿಕೊಂಡದ್ದೂ ಉಂಟು. ನಾನು ನಿವೃತ್ತನಾದ ವರ್ಷ ಅವಳಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ತಿಂಗಳಿಗೊಮ್ಮೆ ದವಾಖಾನೆಗೆ ಕರೆದುಕೊಂಡು ಹೋಗುವ ಕೆಲಸ ನನ್ನದಾಯಿತು. ಕೈಯಲ್ಲಿ ಬೇರೆ ಕೆಲಸ ಇರಲಿಲ್ಲವಾದ್ದರಿಂದ ಅದನ್ನೇ ಕಚೇರಿ ಕೆಲಸದಂತೆ ಹಿಡಿದೆ. ಒಂದು ಫೈಲು ಮಾಡಿದೆ. ರಿಪೋರ್ಟುಗಳನ್ನು ತಾರೀಕಿನ ಪ್ರಕಾರ ಜೋಡಿಸಿ, ಮೇಲೆ ಅವಳ ಹೆಸರು, ವಯಸ್ಸು, ರಕ್ತದ ಗುಂಪು ಬರೆದೆ.

ಮೊದಲ ದಿನ ಪರದೆಯ ಒಳಗೆ ಹೋಗಿ ಕೂತ ಕೂಡಲೇ ಡಾಕ್ಟರು ಕೇಳಿದರು, "ಹೇಳ್ರಿ ಅಮ್ಮ, ಏನಾಗ್ತೈತೆ?"

ನಾನು ಫೈಲು ಬಿಚ್ಚಿ ಶುರುಮಾಡಿದೆ. "ಇವರಿಗೆ ಸರ್, ಮೂರು ತಿಂಗಳಿಂದ ಸುಸ್ತು, ಬಾಯಾರಿಕೆ..."

"ಯಜಮಾನ್ರೇ, ತಡೀರಿ. ಅವರು ಹೇಳ್ಲಿ."

ಸಿಟ್ಟಿನಿಂದ ಹೇಳಲಿಲ್ಲ. ಬಸ್ಸಿನಲ್ಲಿ ಸ್ವಲ್ಪ ಸರಿದು ಕೂಡ್ರಿ ಅನ್ನುವ ಹಾಗೆ ಹೇಳಿದರು. ಆಮೇಲೆ ಪೆನ್ನಿಗೆ ಕ್ಯಾಪು ಹಾಕಿ ಮೇಜಿನ ಮೇಲಿಟ್ಟು, ಅವಳ ಮಣಿಕಟ್ಟು ಹಿಡಿದು ಸುಮ್ಮನೆ ಕೂತರು. ಅವಳು ನನ್ನ ಮುಖ ನೋಡಿದಳು, ನೆಲ ನೋಡಿದಳು. ಅವರು ಕಾದರು. ಇವಳಿಗೆ ಮಾತು ಬರುವುದಿಲ್ಲ, ಈಗ ಡಾಕ್ಟರಿಗೇ ಗೊತ್ತಾಗುತ್ತದೆ ಎಂದು ನಾನು ಒಳಗೊಳಗೇ ನಕ್ಕೆ. ಅಷ್ಟರಲ್ಲಿ ಅವಳು ಬಾಯಿ ಬಿಟ್ಟಳು.

"ಇವರ ಗಾಡಿ ಹಿಂದೆ ಕುಂತ್ರೆ ಎದೆ ಹೊಡಕೊಳ್ತೈತ್ರಿ."

"ಎಷ್ಟು ದಿನದಿಂದ?"

"ಇಪ್ಪತ್ತು ವರ್ಷ ಆತ್ರಿ."

ಇಪ್ಪತ್ತು ವರ್ಷ ನಾನು ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರೆಲ್ಲ ಮೆರೆದಿದ್ದೇನೆ. ಗಾಡಿ ಓಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹಮ್ಮು ಬೇರೆ. ಡಾಕ್ಟರು ನಗಲಿಲ್ಲ. ಎದೆ ಎಷ್ಟು ಹೊತ್ತು ಹೊಡೆದುಕೊಳ್ಳುತ್ತದೆ, ಇಳಿದ ಮೇಲೆ ನಿಲ್ಲುತ್ತದೋ ಇಲ್ಲವೋ ಎಂದು ಗಂಭೀರವಾಗಿ ಕೇಳಿದರು. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ಕೊನೆಗೆ ರಕ್ತದೊತ್ತಡದ ಯಂತ್ರದ ಕಡೆ ನೋಡುತ್ತಾ, "ನಮ್ಮವ್ವ ಇದೇ ಸಕ್ಕರೆ ಕಾಯಿಲೆದಾಗ ಹೋದ್ಲು. ನಂಗೂ ಹಂಗೇ ಆಗ್ತೈತೆ ಅಂತ ಹೆದ್ರಿಕಿ ಆಗ್ತೈತ್ರಿ" ಅಂದಳು. ಅತ್ತೆ ತೀರಿಕೊಂಡು ಹನ್ನೊಂದು ವರ್ಷ. ಈ ಹೆದರಿಕೆಯ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಅವತ್ತೇ, ಅದೂ ಪರರ ಮೇಜಿನ ಎದುರು.

ಹೊರಗೆ ಬಂದ ಮೇಲೆ "ನನಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ.

"ನೀವು ಕೇಳ್ಲಿಲ್ಲ" ಅಂದಳು. ಬೇಸರದಿಂದ ಅಲ್ಲ. ನಿಂಬೆಹಣ್ಣು ತರುವುದು ಮರೆತದ್ದನ್ನು ಹೇಳುವ ಹಾಗೆ.

ಆಮೇಲೆ ಪ್ರತಿ ತಿಂಗಳೂ ಇದೇ ಕತೆ. ಮನೆಯಲ್ಲಿ ಇಪ್ಪತ್ತೊಂಬತ್ತು ದಿನ ಬಾಯಿಗೆ ಬೀಗ, ಮೂವತ್ತನೆಯ ದಿನ ಅಲ್ಲಿ ಬೀಗ ತೆಗೆಯುತ್ತಿದ್ದಳು. ಡಾಕ್ಟರು ಒಂದನ್ನೂ ಮರೆಯುತ್ತಿರಲಿಲ್ಲ. "ತಂಗಿ ಮಗಳ ಮದುವೆಯಾಗ ಓಡಾಡಿ ಕಾಲು ಬಾತಿತ್ತಲ್ಲ, ಇಳೀತಾ?" ಎಂದು ಕೇಳುತ್ತಿದ್ದರು. ಕಾಲು ಬಾತಿತ್ತೆಂಬುದೇ ನನಗೆ ಹೊಸ ಸುದ್ದಿ. ಅವರು ಪಾದ ಮುಟ್ಟಿ ನೋಡುವಾಗ, ಕಣ್ಣಿನ ರೆಪ್ಪೆ ಎಳೆದು ನೋಡುವಾಗ ಅವಳು ಎಳೆ ಮಗುವಿನಂತೆ ಒಪ್ಪಿಸಿಕೊಂಡು ಕೂರುತ್ತಿದ್ದಳು. ದವಾಖಾನೆಗೆ ಹೋಗುವ ದಿನ ಅವಳು ಒಳ್ಳೆಯ ಸೀರೆ ಉಡುವುದನ್ನು ಗಮನಿಸಿದೆ. ಬ್ಯಾಂಕಿಗೆ ಹೋಗುವಾಗಲೂ ಅದನ್ನೇ ಉಡುತ್ತಿದ್ದಳು, ಅದು ನನಗೂ ಗೊತ್ತಿತ್ತು. ಆದರೆ ಹೊಟ್ಟೆಕಿಚ್ಚಿಗೆ ಅಂಥ ವಿವರಗಳೆಲ್ಲ ಬೇಕಾಗುವುದಿಲ್ಲ.

ತಪ್ಪು ತಿಳಿಯಬೇಡಿ, ನನ್ನ ತಲೆಯಲ್ಲಿ ಕೆಟ್ಟ ಯೋಚನೆ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು, ಜಗಳ ಆಡಿ ಮುಗಿಸಬಹುದಿತ್ತು. ನನಗೆ ಉರಿದದ್ದು ಬೇರೆ. ನನಗೆ ಸೇರಬೇಕಾದ ಮಾತುಗಳು ತಿಂಗಳಿಗೆ ಕಾಲು ಗಂಟೆಯಂತೆ ಸ್ವೆಟರಿನ ಮುದುಕರೊಬ್ಬರಿಗೆ ಸೇರುತ್ತಿದ್ದವು. ಅವರು ಅದಕ್ಕಾಗಿ ಏನೂ ಮಾಡುತ್ತಿರಲಿಲ್ಲ, ಸುಮ್ಮನೆ ಕೂರುತ್ತಿದ್ದರು ಅಷ್ಟೆ.

ಅವಳನ್ನು ಅಲ್ಲಿಂದ ಬಿಡಿಸಲು ನನಗೊಂದು ನೆಪ ಬೇಕಿತ್ತು. ಸಕ್ಕರೆಯೇ ಅದನ್ನು ಒದಗಿಸಿತು. ಊಟದ ನಂತರದ ಅಂಕಿ ಯಾವಾಗಲೂ ಸ್ವಲ್ಪ ಮೇಲೇ ಇರುತ್ತಿತ್ತು. ಡಾಕ್ಟರು "ಇಷ್ಟು ಇರ್ಲಿ ಬಿಡ್ರಿ, ಇವರಿಗೆ ಇದಕ್ಕಿಂತ ಇಳಿಸೋದು ಬ್ಯಾಡ" ಎಂದು ಮಾತ್ರೆ ಹೆಚ್ಚಿಸುತ್ತಿರಲಿಲ್ಲ. ಮಾತ್ರೆಯನ್ನು ಊಟದ ತಟ್ಟೆಯ ಮೇಲೇ ಇಟ್ಟುಕೊಳ್ಳಬೇಕು, ಮೊದಲ ತುತ್ತಿನ ಜೊತೆಗೇ ನುಂಗಬೇಕು ಎಂದು ಅವಳಿಗೆ ಹೇಳಿದ್ದರು. ಯಾಕೆಂದು ನಾನು ಕೇಳಲಿಲ್ಲ. ಇವರಿಗೆ ಹಳೇ ಕಾಲದ ಓದು, ಹೊಸದು ಗೊತ್ತಿಲ್ಲ ಎಂದು ನಾನೇ ತೀರ್ಮಾನ ಕೊಟ್ಟೆ. ನನ್ನ ಮಗಳ ಮನೆ ದಾವಣಗೆರೆಯ ಸರಸ್ವತಿ ನಗರದಲ್ಲಿ. ಮಗಳ ಕಿವಿಗೆ ವಿಷಯ ಹಾಕಿದೆ. ಅವಳು ಪಿ.ಜೆ. ಬಡಾವಣೆಯಲ್ಲಿ ಸಕ್ಕರೆ ಕಾಯಿಲೆಗೆಂದೇ ಇರುವ ಸ್ಪೆಷಲಿಸ್ಟ್ ಒಬ್ಬರ ಹತ್ತಿರ ಹೆಸರು ಬರೆಸಿದಳು.

"ಅಲ್ಲಿಗ್ಯಾಕ? ಇಲ್ಲಿ ಚಲೋ ಐತಲ್ಲ" ಅಂದಳು ಹೆಂಡತಿ.

"ಇಲ್ಲಿ ಸಕ್ಕರೆ ಇಳಿಯಂಗಿಲ್ಲ" ಅಂದೆ. ಅವಳು ಸುಮ್ಮನಾದಳು. ಅವಳು ಸುಮ್ಮನಾದದ್ದು ನನಗೆ ಅವತ್ತು ಹಿತವಾಗಿಯೇ ಇತ್ತು.

ಪಿ.ಜೆ. ಬಡಾವಣೆಯ ಆಸ್ಪತ್ರೆಯಲ್ಲಿ ಎಲ್ಲವೂ ಅಚ್ಚುಕಟ್ಟು. ಗಾಜಿನ ಬಾಗಿಲು, ಟೋಕನ್, ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ನಂಬರು. ತೂಕಕ್ಕೊಬ್ಬರು, ಬಿ.ಪಿ.ಗೊಬ್ಬರು, ರಕ್ತಕ್ಕೊಬ್ಬರು. ಡಾಕ್ಟರು ಚಿಕ್ಕ ವಯಸ್ಸಿನವರು, ಸಭ್ಯರು, ಕೈತುಂಬ ಕೆಲಸವಿದ್ದವರು. ಹೊರಗೆ ಅರವತ್ತು ಜನ ಕಾಯುತ್ತಿದ್ದರೆ ಯಾರಾದರೂ ಏನು ಮಾಡುತ್ತಾರೆ. ಅವರು ಕಂಪ್ಯೂಟರ್ ನೋಡುತ್ತಾ ಪ್ರಶ್ನೆ ಕೇಳಿದರು, ನಾನು ಫೈಲು ನೋಡುತ್ತಾ ಉತ್ತರ ಕೊಟ್ಟೆ. ತಡೀರಿ ಎಂದು ಯಾರೂ ಅನ್ನಲಿಲ್ಲ. ಫೈಲಿನ ಜೋಡಣೆ ಕಂಡು "ಎಲ್ಲ ಪೇಷಂಟೂ ಹಿಂಗೇ ಇಟ್ಕೊಂಡ್ರೆ ನಮಗೆ ಎಷ್ಟು ಅನುಕೂಲ" ಅಂದರು. ನನಗೆ ಬಡ್ತಿ ಸಿಕ್ಕಷ್ಟು ಖುಷಿಯಾಯಿತು.

"ಊಟ ತಿಂಡಿ ಟೈಮಿಗೆ ಸರಿಯಾಗಿ ಆಗ್ತೈತಾ?"

"ಬರೋಬ್ಬರಿ ಸರ್. ಎಂಟೂವರೆಗೆ ತಿಂಡಿ, ಒಂದೂವರೆಗೆ ಊಟ. ನಮ್ಮನೇಲಿ ಹತ್ತು ನಿಮಿಷ ಆಚೀಚೆ ಆಗಲ್ಲ."

ಹೆಂಡತಿ ನನ್ನ ಕಡೆ ಒಮ್ಮೆ ತಿರುಗಿದಳು. ಏನೋ ಹೇಳುವವಳಿದ್ದಳು ಎಂದು ಈಗ ಅನಿಸುತ್ತದೆ. ಡಾಕ್ಟರು ಮಾತ್ರೆ ಬದಲಿಸಿ ಪ್ರಮಾಣ ಹೆಚ್ಚಿಸಿದರು. ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಬೇಕು, ತಿಂಡಿ ಮಾತ್ರ ತಪ್ಪಿಸಬಾರದು ಎಂದು ಎರಡೆರಡು ಸಲ ಹೇಳಿದರು. ಮುಂದಿನ ನಂಬರು ಗೋಡೆಯ ಮೇಲೆ ಬಂತು.

ಅವತ್ತು ಸರಸ್ವತಿ ನಗರದಲ್ಲಿ ಮಗಳು ಬಡಿಸಿದ ಊಟವನ್ನು ನಾನು ಗೆದ್ದವನಂತೆ ಉಂಡೆ. ಹೆಂಡತಿ ಅಡುಗೆಮನೆಯಲ್ಲಿ ಮಗಳಿಗೆ, "ಡಾಕ್ಟ್ರು ಚಲೋ ಅದಾರೆ, ಆದ್ರ ನನ್ನ ಮುಖ ನೋಡ್ಲಿಲ್ಲ" ಎಂದದ್ದು ಕೇಳಿಸಿತು. ಮುಖ ನೋಡಿ ಏನು ಮಾಡಬೇಕು, ರಕ್ತ ನೋಡಿದರೆ ಸಾಕಲ್ಲ ಎಂದುಕೊಂಡು ಮಜ್ಜಿಗೆ ಕುಡಿದೆ.

ಮಾತ್ರೆ ಕೊಡುವ ಕೆಲಸವನ್ನೂ ನಾನೇ ವಹಿಸಿಕೊಂಡೆ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಒಂದು ಮಾತ್ರೆ, ಒಂದು ಲೋಟ ನೀರು ಅವಳ ಕೈಗೆ ಕೊಟ್ಟು, ನುಂಗಿದ ಮೇಲೆ ಫೈಲಿನಲ್ಲಿ ಗುರುತು ಹಾಕುತ್ತಿದ್ದೆ. ಎಂಟೂವರೆಗೆ ತಿಂಡಿ. ಅವಳು ಬಿಸಿ ರೊಟ್ಟಿ ಬಡಿಯುತ್ತಿದ್ದಳು, ನಾನು ತಿನ್ನುತ್ತಿದ್ದೆ. ಪುರುಸೊತ್ತಿನಿಂದ ತಿಂದು ಕೈ ತೊಳೆದು, ಪತ್ರಿಕೆ ಹಿಡಿದು ಹೊರಗಿನ ಕಟ್ಟೆಗೆ ಹೋಗುತ್ತಿದ್ದೆ. ಇಪ್ಪತ್ತು ದಿನ ಹೀಗೆ ನಡೆಯಿತು. ನಡುವೆ ಎರಡು ಮೂರು ಸಲ "ಯಾಕೋ ಕೈ ನಡುಗ್ತೈತೆ" ಅಂದಳು. ಹೊಸ ಮಾತ್ರೆ ಮೈಗೆ ಒಗ್ಗಬೇಕು ಎಂದು ನಾನು ತಿಳಿದವನ ಹಾಗೆ ಹೇಳಿದೆ.

ಇಪ್ಪತ್ತೊಂದನೆಯ ದಿನವೋ ಇಪ್ಪತ್ತೆರಡನೆಯ ದಿನವೋ, ಹತ್ತು ಗಂಟೆಯ ಸುಮಾರಿಗೆ, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಸದ್ದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಎದ್ದು ಹೋಗಿ ನೋಡಿದೆ. ಒಗೆಯುವ ಕಲ್ಲಿನ ಪಕ್ಕ ನೀರಿನಲ್ಲೇ ಕೂತಿದ್ದಳು. ಮೈಯೆಲ್ಲ ಬೆವರು. ನನ್ನ ಅಂಗಿಯ ಒಂದು ತೋಳನ್ನು ಹಿಡಿದು ಹಿಂಡುತ್ತಲೇ ಇದ್ದಳು, ಹಿಂಡುತ್ತಲೇ ಇದ್ದಳು. ಕೂಗಿದೆ. ತಲೆ ಎತ್ತಿದಳು. ಆ ಕಣ್ಣುಗಳಿಗೆ ನಾನು ಯಾರೆಂದು ಗೊತ್ತಿರಲಿಲ್ಲ.

ಎದುರು ಮನೆಯವನ ಆಟೋದಲ್ಲಿ ಹಾಕಿಕೊಂಡು ಹೊರಟೆ. ದಾವಣಗೆರೆ ದೂರ. ಹತ್ತಿರ ಇದ್ದದ್ದು ಹಸಿರು ಪರದೆಯ ದವಾಖಾನೆ. ಕಂಪೌಂಡರ್ ಮತ್ತು ನಾನು ಎತ್ತಿಕೊಂಡು ಒಳಗೆ ಮಲಗಿಸಿದೆವು. ಡಾಕ್ಟರು ಬೆರಳು ಚುಚ್ಚಿ ಸಕ್ಕರೆ ನೋಡಿದರು. ಅಷ್ಟು ಸಣ್ಣ ಅಂಕಿಯನ್ನು ನಾನು ಫೈಲಿನಲ್ಲಿ ಎಂದೂ ಕಂಡಿರಲಿಲ್ಲ. ಕೈಯ ನರಕ್ಕೆ ಗ್ಲೂಕೋಸ್ ಕೊಡುತ್ತಲೇ ನನ್ನನ್ನು ಕೇಳಿದರು.

"ಮಾತ್ರೆ ಎಷ್ಟೊತ್ತಿಗೆ?"

"ಎಂಟಕ್ಕೆ ಸರ್. ನಾನೇ ಕೊಟ್ಟೀನಿ. ತಿಂಡಿಗಿಂತ ಅರ್ಧ ಗಂಟೆ ಮುಂಚೆ, ಅವರು ಹೇಳಿದಂಗೆ."

"ತಿಂದಿದ್ದು?"

"ಎಂಟೂವರೆಗೆ."

"ಯಾರು ತಿಂದಿದ್ದು?"

ಎಂಟೂವರೆಗೆ ತಿಂದವನು ನಾನು. ಅವಳು ನನಗೆ ಬಡಿಸಿ, ಪಾತ್ರೆ ತೊಳೆದು, ಬಟ್ಟೆ ಒಗೆದು, ಇನ್ನೊಮ್ಮೆ ಮೈಮೇಲೆ ನೀರು ಹಾಕಿಕೊಂಡು, ಲಿಂಗಪೂಜೆ ಮಾಡಿ ಆಮೇಲೆ ತಿನ್ನುವವಳು. ಪೂಜೆಯಾಗದೆ ಬಾಯಿಗೆ ಏನೂ ಹಾಕುವವಳಲ್ಲ. ಅವಳ ತವರಿನಲ್ಲೂ ಹೀಗೆ, ನನ್ನ ತಾಯಿಯೂ ಹೀಗೇ ಇದ್ದಳು. ಅದು ಹನ್ನೊಂದಕ್ಕೋ ಹನ್ನೊಂದೂವರೆಗೋ, ನಾನು ನೋಡಿದವನೇ ಅಲ್ಲ. ನಮ್ಮ ಮನೆಯ ತಿಂಡಿ ಎಂದರೆ ನನ್ನ ತಿಂಡಿ ಎಂದು ಮೂವತ್ತೈದು ವರ್ಷ ತಿಳಿದಿದ್ದೆ. ದಾವಣಗೆರೆಯ ಆ ಚಿಕ್ಕ ವಯಸ್ಸಿನ ಡಾಕ್ಟರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ತಪ್ಪು ಉತ್ತರ ಕೊಟ್ಟವನು ನಾನು, ಅದೂ ನನ್ನನ್ನು ಕೇಳದಿದ್ದ ಪ್ರಶ್ನೆಗೆ.

"ಇವರು ತಿನ್ನೋದು ತಡ ಅಂತಾನೇ ಸಕ್ಕರೆ ಸ್ವಲ್ಪ ಮ್ಯಾಲೆ ಬಿಟ್ಟಿದ್ದೆ" ಎಂದರು ಡಾಕ್ಟರು. ಮೊದಲ ತಿಂಗಳೇ ಅವಳು ಅವರಿಗೆ ಹೇಳಿದ್ದಳಂತೆ. ಪಕ್ಕದ ಕುರ್ಚಿಯಲ್ಲಿ ನಾನೂ ಇದ್ದೆ. ಬಹುಶಃ ಮುಖ ಗಂಟು ಹಾಕಿಕೊಂಡು ಅವರ ಸ್ವೆಟರ್ ನೋಡುತ್ತಿದ್ದೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ನಾಚಿಕೆಯಾದರೂ ಸರಿ. ಸ್ವಲ್ಪ ಹೊತ್ತಿಗೆ ಅವಳಿಗೆ ಪ್ರಜ್ಞೆ ತಿಳಿಯಾಯಿತು. ಕಣ್ಣು ಬಿಟ್ಟವಳು ಮೊದಲು ನೋಡಿದ್ದು ಡಾಕ್ಟರನ್ನು. "ಬಂದ್ರಾ ಡಾಕ್ಟ್ರೇ" ಅಂದಳು, ಎಲ್ಲಿಗೋ ಹೋಗಿದ್ದವರು ಅವರೇ ಎನ್ನುವ ಹಾಗೆ. ಆಟೋದಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದವನು ನಾನು. ಸಾವು ಬಾಗಿಲಿಗೆ ಬಂದು ಹೋಗಿತ್ತು, ತಂದವನೂ ನಾನೇ, ಆದರೂ ಆ ಎರಡು ಮಾತು ಕೇಳಿ ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಹಳೆಯ ಮಾತ್ರೆ ಮತ್ತೆ ಬಂತು. ಇಬ್ಬರೂ ಎಂಟೂವರೆಗೆ ಒಟ್ಟಿಗೆ ಕೂತು ತಿನ್ನಬೇಕೆಂದು ಡಾಕ್ಟರು ಕಟ್ಟುನಿಟ್ಟು ಮಾಡಿದರು. ಪೂಜೆಯನ್ನು ಅವಳು ಏಳು ಗಂಟೆಗೇ ಮುಗಿಸತೊಡಗಿದಳು. ಮೊದಲ ದಿನ ನನ್ನ ಎದುರು ತಿನ್ನಲು ನಾಚಿ ಗೋಡೆಗೆ ಮುಖ ಮಾಡಿ ತಿಂದಳು. ನಾನು ಒಂದು ದಿನ ಡಾಕ್ಟರ ಹಾಗೆ ಕೂತು ನೋಡಿದೆ. ಪತ್ರಿಕೆ ಮಡಿಚಿಟ್ಟೆ. "ಹೇಳು, ಏನಾಗ್ತೈತೆ?" ಎಂದು ಕೇಳಿ ಸುಮ್ಮನೆ ಅವಳ ಮುಖ ನೋಡುತ್ತಾ ಕಾದೆ. ಅವಳು ಗಾಬರಿಯಾದಳು. "ಯಾಕ, ಪಲ್ಯಕ್ಕೆ ಉಪ್ಪು ಕಡಿಮಿ ಆಗೈತಾ?" ಅಂದಳು.

ದವಾಖಾನೆಯಲ್ಲಿ ಪರದೆಯ ಒಳಗೆ ಹೋಗುವುದನ್ನು ನಾನೇ ಬಿಟ್ಟೆ. ಯಾರೂ ಬೇಡ ಅನ್ನಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂರುತ್ತಿದ್ದೆ. ಒಳಗಿಂದ ಅವಳ ದನಿ ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಒಮ್ಮೆ ನಗೆಯೂ ಕೇಳಿತು. ಆ ನಗೆಗೆ ನಾನು ಪಟ್ಟ ಸಂಕಟ ನನಗೇ ಗೊತ್ತು. ಹೊತ್ತು ಹೋಗದೆ ಬೆಂಚಿನ ಮೇಲಿದ್ದವರನ್ನು ಕೇಳತೊಡಗಿದೆ, ಊರಲ್ಲಿ ಇಷ್ಟು ಆಸ್ಪತ್ರೆ ಇರುವಾಗ ಇಲ್ಲಿಗೇ ಯಾಕೆ ಬರುತ್ತೀರಿ ಎಂದು. ಡಾಕ್ಟರಲ್ಲಿ ಏನಾದರೂ ಹುಳುಕು ಸಿಗಬಹುದೆಂಬ ಆಸೆ ಇತ್ತು.

"ಇವರು ಮೈ ಮುಟ್ಟಿ ನೋಡ್ತಾರ್ರಿ" ಅಂದ ಒಬ್ಬ ಹಮಾಲಿ. ಮಲೆಬೆನ್ನೂರಿನ ಕಡೆಯ ಒಬ್ಬ ಅಜ್ಜಿ, ಎರಡು ಬಸ್ಸು ಬದಲಿಸಿ ಬಂದವಳು, "ಏನಾಗೈತೆ ಅಂತ ನಂಗೆ ತಿಳಿಯಂಗೆ ಹೇಳ್ತಾರ. ಮಗನಿಗಲ್ಲ, ನಂಗೆ" ಅಂದಳು. ಇನ್ನೊಬ್ಬ ಮಾತ್ರ ಒಪ್ಪಲಿಲ್ಲ. "ನನ್ನ ತಮ್ಮನ ಎದಿ ನಿಂತಾಗ ಉಳಿಸಿದ್ದು ದಾವಣಗೆರೆ ದೊಡ್ಡ ಡಾಕ್ಟ್ರು. ಅವತ್ತು ಮಾತು ಬೇಕಿರ್ಲಿಲ್ಲ, ಕೈ ಬೇಕಿತ್ತು" ಅಂದ. ಅವನ ಮಾತಿಗೆ ನಾನು ಜೋರಾಗಿಯೇ ತಲೆಯಾಡಿಸಿದೆ. ಆದರೆ ಅವನೂ ಕೆಮ್ಮಿಗೆ ಇಲ್ಲಿಗೇ ಬಂದು ಕೂತಿದ್ದ.

ಹೀಗೆ ಏಳೆಂಟು ತಿಂಗಳು ಕಳೆದವು. ಹೋದ ತಿಂಗಳು ಕಂಪೌಂಡರ್ ಅವಳ ಹೆಸರು ಕರೆದ. ಅವಳು ಎದ್ದು ಪರದೆಯ ತನಕ ಹೋಗಿ ನಿಂತಳು. ತಿರುಗಿ ನನ್ನನ್ನು ನೋಡಿದಳು.

"ನೀವೂ ಒಳಗೆ ಬರ್ರಿ."

"ನಾನ್ಯಾಕೆ?"

"ಬರ್ರಿ ಅಂದೆ. ಎರಡು ಸಲ ಹೇಳೋಕೆ ನನ್ನ ಕೈಲಾಗಲ್ಲ."

ಒಳಗೆ ಹೋಗಿ ಗೋಡೆಯ ಪಕ್ಕ ನಿಂತೆ. ಡಾಕ್ಟರು ಪೆನ್ನಿಗೆ ಕ್ಯಾಪು ಹಾಕಿದರು. ಅವಳು ಹೇಳಿದಳು, ಎಡಗಾಲು ತನ್ನದಲ್ಲ ಅನ್ನುವ ಹಾಗೆ ಆಗಿದೆಯಂತೆ. ನಡೆಯುವಾಗ ಚಪ್ಪಲಿ ಕಳಚಿ ಬಿದ್ದರೂ ತಿಳಿಯುವುದಿಲ್ಲವಂತೆ. ಅದರ ಹಿಂದಿನ ವಾರ ಸಂತೆಯಿಂದ ಒಂದೇ ಚಪ್ಪಲಿಯಲ್ಲಿ ಬಂದಿದ್ದಳು. ಗ್ಯಾನ ಎಲ್ಲಿಟ್ಟಿರ್ತೀಯ ಎಂದು ನಾನು ಬೈದಿದ್ದೆ. ಅದನ್ನು ಅವಳು ಅಲ್ಲಿ ಹೇಳಲಿಲ್ಲ.

ಡಾಕ್ಟರು ಅವಳನ್ನು ಮಂಚದ ಮೇಲೆ ಮಲಗಿಸಿದರು. ಗಾಳದ ದಾರದಂಥ ಒಂದು ನೈಲಾನ್ ಎಳೆ ತೆಗೆದರು. "ಕಣ್ಣು ಮುಚ್ಕೊಳ್ರಿ ಅಮ್ಮ. ನಾನು ಮುಟ್ಟಿದ್ದು ಗೊತ್ತಾದಾಗ ಹ್ಞೂಂ ಅನ್ರಿ" ಅಂದರು.

ಬಲಗಾಲಿನ ಹೆಬ್ಬೆರಳಿಗೆ ಎಳೆ ತಾಗಿಸಿದರು. "ಹ್ಞೂಂ" ಅಂದಳು. ಹಿಮ್ಮಡಿಗೆ ತಾಗಿಸಿದರು. "ಹ್ಞೂಂ." ಎಡಗಾಲಿಗೆ ಬಂದರು. ಹೆಬ್ಬೆರಳಿನ ಬುಡಕ್ಕೆ ಎಳೆ ಒತ್ತಿದರು, ಅದು ಬಾಗುವಷ್ಟು. ಅವಳು ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಳು, ಇನ್ನೂ ಮುಟ್ಟಿಲ್ಲ ಎಂದುಕೊಂಡು. ಪಾದದ ನಡುವಿಗೆ ಒತ್ತಿದರು. ಹಿಮ್ಮಡಿಗೆ ಒತ್ತಿದರು. ಕಾಯುತ್ತಲೇ ಇದ್ದಳು. ಡಾಕ್ಟರು ನನ್ನ ಕಡೆ ನೋಡಿದರು. ಅವಳ ಹ್ಞೂಂ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಾನು ಬಾಯಿ ಮುಚ್ಚಿಕೊಂಡು ನಿಂತೆ.